ಸಮವಸ್ತ್ರ ಮತ್ತು ಸದ್ವರ್ತನೆ

ಆಶಯ: ಶಾಲೆಯ ಉಡುಪು ಮಕ್ಕಳೆಲ್ಲರನ್ನೂ ಒಂದೇ ಬಗೆಯವರಾಗಿ ಕಾಣಿಸುತ್ತದೆ. ಆದರೆ ಸಮಾನತೆ ಬಟ್ಟೆಯಿಂದ ಮಾತ್ರ ಬರುವುದಿಲ್ಲ; ಅದನ್ನು ಕೊಡುವವರ ಕರ್ತವ್ಯನಿಷ್ಠೆಯಿಂದಲೂ ತೊಟ್ಟವರ ನಡತೆಯಿಂದಲೂ ಬರುತ್ತದೆ. ಈ ವಿಚಾರವನ್ನು ಪ್ರಸ್ತುತ ಪಾಠದಲ್ಲಿ ವಿವರಿಸಲಾಗಿದೆ.

ಬಾಗಲಕೋಟೆಯ ನವನಗರವು ಹೆಸರಿಗೆ ತಕ್ಕಂತೆ ಹೊಸ ಊರು. ಆಲಮಟ್ಟಿಯಲ್ಲಿ ಕೃಷ್ಣಾ ನದಿಗೆ ಅಣೆಕಟ್ಟು ಕಟ್ಟುವ ಕಾರ್ಯಕ್ಕೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಮುಂದೆ ಜಲಾಶಯವು ತುಂಬತೊಡಗಿದಾಗ ಅದರ ಹಿನ್ನೀರು ಘಟಪ್ರಭೆಯ ದಡದಲ್ಲಿದ್ದ ಹಳೆಯ ಬಾಗಲಕೋಟೆಯ ತಗ್ಗು ಪ್ರದೇಶಗಳನ್ನೂ ಸುತ್ತಣ ಅನೇಕ ಹಳ್ಳಿಗಳನ್ನೂ ಆವರಿಸಿತು. ನೆಲೆ ಕಳೆದುಕೊಂಡವರಿಗಾಗಿ ಎತ್ತರದ ಬಯಲಿನಲ್ಲಿ, ಸೆಕ್ಟರುಗಳಾಗಿ ವಿಂಗಡಿಸಿದ ಹೊಸ ಪಟ್ಟಣವೊಂದು ಎದ್ದಿತು. ಹಳೆಯ ಊರುಗಳಲ್ಲಿ ಓಣಿಯ ಹೆಸರನ್ನು ಕೇಳಿದರೆ ಅನೇಕ ವೇಳೆ ಅಲ್ಲಿರುವವರ ಕಸುಬನ್ನೂ ಕುಲವನ್ನೂ ಊಹಿಸಬಹುದಾಗಿತ್ತು. ಹೊಸ ಊರಿನ ವಿಳಾಸದಲ್ಲಿ ಇರುವುದು ಸೆಕ್ಟರಿನ ಸಂಖ್ಯೆ ಮಾತ್ರ.

ಬೆಳಗಿನ ಹೊತ್ತಿನಲ್ಲಿ ಇಂತಹ ಊರಿನ ರಸ್ತೆಯಲ್ಲಿ ನಿಂತು ನೋಡಿದರೆ ಶಾಲೆಗೆ ಹೊರಟ ಮಕ್ಕಳ ಸಾಲು ಕಣ್ಣಿಗೆ ಬೀಳುತ್ತದೆ. ಅವರಲ್ಲಿ ಹೊಲ ಮುಳುಗಿ ಬಂದ ರೈತನ ಮೊಮ್ಮಗನಿರಬಹುದು, ಕಚೇರಿಯ ಅಧಿಕಾರಿಯ ಮಗಳಿರಬಹುದು, ಮಗ್ಗದ ಮುಂದೆ ಕುಳಿತು ಬಾಳು ಸವೆಸಿದ ನೇಕಾರನ ಮಗನಿರಬಹುದು. ಯಾರು ಯಾರ ಮಕ್ಕಳೆಂಬುದು ಹಾದಿಯಲ್ಲಿ ಹೋಗುವವರಿಗೆ ತಿಳಿಯುವುದಿಲ್ಲ. ಎಲ್ಲರೂ ಒಂದೇ ಬಣ್ಣದ ಅಂಗಿ ತೊಟ್ಟಿದ್ದಾರೆ, ಎಲ್ಲರೂ ವಿದ್ಯಾರ್ಥಿಗಳು. ಸಮವಸ್ತ್ರದ ಉದ್ದೇಶ ಇದೇ. ಆದರೆ ಈ ಉದ್ದೇಶವು ಅಂಗಿ ತೊಟ್ಟ ಮಾತ್ರಕ್ಕೆ ಈಡೇರುವುದೆ? ಈಡೇರಬೇಕಾದರೆ ಇನ್ನೇನು ಬೇಕು? ಇದು ವಿಚಾರ ಮಾಡತಕ್ಕ ಪ್ರಶ್ನೆ.

ವಿದ್ಯೆಯನ್ನು ಅರಸಿ ಬಂದವರೆಲ್ಲರೂ ಸಮಾನರೆಂಬ ಭಾವನೆ ನಮ್ಮ ನಾಡಿಗೆ ಹೊಸತಲ್ಲ. ಸಾಂದೀಪನಿ ಮುನಿಗಳ ಆಶ್ರಮದಲ್ಲಿ ಕೃಷ್ಣನೂ ಬಡ ಕುಚೇಲನೂ ಒಟ್ಟಿಗೆ ಕಟ್ಟಿಗೆ ತಂದ ಕಥೆಯನ್ನು ಕೇಳದವರಿಲ್ಲ. ಆದರೆ ಇಂದಿನ ಶಾಲಾ ಸಮವಸ್ತ್ರದ ಇತಿಹಾಸ ಬೇರೆ ಹಾದಿಯಲ್ಲಿ ಸಾಗಿಬಂದಿದೆ. ಲಂಡನ್ನಿನಲ್ಲಿ 1552ರಲ್ಲಿ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯು ಅನಾಥ ಮತ್ತು ಬಡ ಮಕ್ಕಳಿಗಾಗಿ ಸ್ಥಾಪನೆಯಾಯಿತು. ಅಲ್ಲಿನ ಮಕ್ಕಳಿಗೆ ಉದ್ದನೆಯ ನೀಲಿ ನಿಲುವಂಗಿಯನ್ನು ಕೊಡಲಾಗುತ್ತಿತ್ತು. ಅದನ್ನು ಕಂಡವರು, ಇವರು ದಾನದ ಹಣದಿಂದ ಓದುವ ಮಕ್ಕಳೆಂದು ಗುರುತಿಸುತ್ತಿದ್ದರು. ಕಾಲಾನಂತರ ಇಂಗ್ಲೆಂಡಿನ ಸಿರಿವಂತರ ಶಾಲೆಗಳೂ ತಮ್ಮ ತಮ್ಮ ಉಡುಪನ್ನು ಗೊತ್ತುಪಡಿಸಿಕೊಂಡವು. ಅಲ್ಲಿ ಅದು ಪ್ರತಿಷ್ಠೆಯ ಗುರುತಾಯಿತು. ಹೀಗೆ ಒಂದೇ ಬಗೆಯ ಉಡುಪು ಒಂದು ಕಡೆ ಬಡತನವನ್ನು ಸಾರಿತು, ಮತ್ತೊಂದು ಕಡೆ ಸಿರಿತನವನ್ನು ಮೆರೆಯಿತು. ಬಡವ-ಬಲ್ಲಿದರ ಭೇದ ಕಾಣದಿರಲೆಂದು ಎಲ್ಲ ಮಕ್ಕಳಿಗೂ ಒಂದೇ ಉಡುಪೆಂಬ ವಿಚಾರವು ಸಾರ್ವಜನಿಕ ಶಿಕ್ಷಣ ಹರಡಿದ ಮೇಲೆ ಬಲಗೊಂಡಿತು. ಬಟ್ಟೆಗೆ ತನ್ನದೇ ಆದ ಅರ್ಥವಿಲ್ಲ. ಸಮಾಜವು ಅದನ್ನು ಯಾವ ಉದ್ದೇಶಕ್ಕೆ ಬಳಸುವುದೋ ಆ ಅರ್ಥವನ್ನು ಅದು ಪಡೆಯುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಮವಸ್ತ್ರದಿಂದ ಆಗುವ ಪ್ರಯೋಜನಗಳು ಎಲ್ಲರಿಗೂ ತಿಳಿದವೇ. ಬೆಳಗಾದರೆ ಯಾವ ಬಟ್ಟೆ ತೊಡಬೇಕೆಂಬ ಚಿಂತೆಯಿಲ್ಲ. ಹಬ್ಬದ ಅಂಗಿಯನ್ನು ತೋರಿಸಿ ಮೆರೆಯುವವರಿಲ್ಲ. ಹಳೆಯ ಅಂಗಿಯನ್ನು ನೋಡಿ ಕುಗ್ಗುವವರಿಲ್ಲ. ಆದರೆ ಈ ಮಾತು ನಿಜವಾಗಬೇಕಾದರೆ ಪ್ರತಿಯೊಂದು ಮಗುವಿಗೂ ಸಮವಸ್ತ್ರ ದೊರೆಯಬೇಕು. ಮಾತ್ರವಲ್ಲ, ಒಗೆದು ತೊಡಲು ಸಾಲುವಷ್ಟು ದೊರೆಯಬೇಕು. ಇಲ್ಲವಾದರೆ ಭೇದವನ್ನು ಮರೆಸಬೇಕಾದ ಬಟ್ಟೆಯೇ ಭೇದವನ್ನು ಎತ್ತಿ ತೋರಿಸುತ್ತದೆ.

ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಬಹುದು. ಅವಳಿಗೆ ಇರುವುದು ಒಂದೇ ಜೊತೆ ಸಮವಸ್ತ್ರ. ಸಂಜೆ ಮನೆಗೆ ಬಂದೊಡನೆ ಅದನ್ನು ಕಳಚಿ, ಒಗೆದು, ಹಿತ್ತಲಿನ ಹಗ್ಗದ ಮೇಲೆ ಹರವುತ್ತಾಳೆ. ಬೇಸಿಗೆಯಲ್ಲಿ ಬಟ್ಟೆ ಬೆಳಗಾಗುವುದರೊಳಗೆ ಒಣಗುತ್ತದೆ. ಆದರೆ ಮಳೆಗಾಲದಲ್ಲಿ ಹಾಗಾಗುವುದಿಲ್ಲ. ಬೆಳಿಗ್ಗೆ ಮುಟ್ಟಿ ನೋಡಿದರೆ ಹಸಿ. ಅದನ್ನೇ ತೊಟ್ಟುಕೊಂಡು ಹೋದರೆ ಮೈಗೆ ಥಂಡಿ; ಬೇರೆ ಲಂಗವನ್ನುಟ್ಟು ಹೋದರೆ ಬಾಗಿಲಲ್ಲೇ ಪ್ರಶ್ನೆ; ಹೋಗದಿದ್ದರೆ ಆ ದಿನದ ಪಾಠ ತಪ್ಪುತ್ತದೆ. ಈ ಮೂರು ಕಷ್ಟಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಸ್ಥಿತಿ ಅವಳದು. ಅವಳು ನಿಯಮವನ್ನು ಮುರಿದವಳೆ? ಹಾಜರಿ ಪುಸ್ತಕವನ್ನಷ್ಟೇ ನೋಡುವವರಿಗೆ ಹಾಗೆ ತೋರಬಹುದು. ಹಿತ್ತಲಿನ ಹಗ್ಗವನ್ನು ನೋಡಿದವರಿಗೆ ನಿಜ ಸಂಗತಿ ತಿಳಿಯುತ್ತದೆ.

ಇದು ಕೇವಲ ಊಹೆಯ ಮಾತಲ್ಲ. ಬಾಗಲಕೋಟೆಗೆ ನೆರೆಯದಾದ ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯ ಬಾಲಕನೊಬ್ಬನ ಪರವಾಗಿ ಇದೇ ವಿಷಯವು ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಮಕ್ಕಳಿಗೆ ಸಲ್ಲಬೇಕಾದ ಎರಡನೆಯ ಜೊತೆ ಸಮವಸ್ತ್ರವೂ, ಬೂಟು ಮತ್ತು ಕಾಲುಚೀಲಗಳೂ ದೊರೆತಿಲ್ಲವೆಂಬುದು ಅರ್ಜಿಯ ಸಾರ. ಅವುಗಳನ್ನು ಒದಗಿಸಬೇಕೆಂದು 2019ರಲ್ಲಿ ನ್ಯಾಯಾಲಯವು ಸರ್ಕಾರಕ್ಕೆ ಆದೇಶವಿತ್ತಿತು. ಆದೇಶದ ಪಾಲನೆ ಸರಿಯಾಗಿ ಆಗದಿದ್ದುದರಿಂದ ನ್ಯಾಯಾಂಗ ನಿಂದನೆಯ ಅರ್ಜಿಯೂ ಬಂದು, 2023ರಲ್ಲಿ ನ್ಯಾಯಾಲಯವು ಅಧಿಕಾರಿಗಳನ್ನು ತೀವ್ರವಾಗಿ ತರಾಟೆಗೆ ತೆಗೆದುಕೊಂಡಿತು. ಒಂದು ಅಂಗಿಯ ವಿಷಯ ಅಷ್ಟು ದೂರ ಹೋಗಬೇಕಾಯಿತೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ನೀಡಬೇಕೆಂದು 2009ರ ಕಾಯ್ದೆಯು ವಿಧಿಸಿದೆ. ಸಮವಸ್ತ್ರವಿಲ್ಲದ ಕಾರಣಕ್ಕೆ ಮಗುವೊಂದು ಶಾಲೆಯಿಂದ ದೂರವುಳಿದರೆ ಆ ಶಿಕ್ಷಣ ಉಚಿತವೂ ಅಲ್ಲ, ಕಡ್ಡಾಯವೂ ಅಲ್ಲ. ಶಿಸ್ತನ್ನು ಬೇಡುವವರು ಮೊದಲು ತಮ್ಮ ಕರ್ತವ್ಯವನ್ನು ಶಿಸ್ತಿನಿಂದ ಸಲ್ಲಿಸಬೇಕೆಂಬುದು ಈ ಪ್ರಸಂಗದ ಪಾಠ.

ಈ ಬಟ್ಟೆ ಎಲ್ಲಿಂದ ಬರುತ್ತದೆ ಎಂಬುದನ್ನು ತೊಡುವವರು ಅರಿತಿರುವುದು ಒಳ್ಳೆಯದು. ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತವಾಗಿ ಸಮವಸ್ತ್ರ ನೀಡುವ ವಿದ್ಯಾವಿಕಾಸ ಯೋಜನೆಗಾಗಿ ಬಟ್ಟೆ ನೇಯಿಸುವ ಕೆಲಸವನ್ನು, 1975ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು ನಿರ್ವಹಿಸಿದೆ. ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯ ನೇಕಾರರೂ ಈ ನೇಯ್ಗೆಯಲ್ಲಿ ಪಾಲುಗೊಂಡವರು. ನೂಲು ಸಕಾಲಕ್ಕೆ ಬರದಿದ್ದರೆ ಅವರ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಅವರ ಮನೆಯ ಒಲೆಗೂ ತೊಂದರೆ. ಒಬ್ಬ ವಿದ್ಯಾರ್ಥಿ ತೊಡುವ ಅಂಗಿಯ ಹಿಂದೆ ಯಾರದೋ ಕೈ ಲಾಳಿಯನ್ನು ಅತ್ತಿಂದಿತ್ತ ಓಡಿಸಿದ ಶ್ರಮವಿದೆ. ಇದನ್ನು ತಿಳಿದವನು ತನ್ನ ಅಂಗಿಯ ಮೇಲೆ ಮಸಿ ಚೆಲ್ಲುವುದಿಲ್ಲ, ಗೆಳೆಯನ ಅಂಗಿಯ ಗುಂಡಿಯನ್ನು ಆಟಕ್ಕಾಗಿ ಕೀಳುವುದಿಲ್ಲ.

ಸಮವಸ್ತ್ರದ ನಿಯಮವು ವಿದ್ಯಾರ್ಥಿಯನ್ನು ಮಾತ್ರ ಕಟ್ಟಿಹಾಕುವುದೆಂದು ಭಾವಿಸುವುದು ತಪ್ಪು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಅಡಿಯಲ್ಲಿ 1995ರಲ್ಲಿ ರೂಪುಗೊಂಡ ನಿಯಮಗಳು ಶಾಲೆಗಳ ಮೇಲೂ ಕಟ್ಟುಪಾಡನ್ನು ವಿಧಿಸಿವೆ. ಒಂದು ಶಾಲೆ ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷಗಳ ಒಳಗಾಗಿ ಬದಲಿಸಕೂಡದು. ಬದಲಿಸುವ ಉದ್ದೇಶವಿದ್ದರೆ ಒಂದು ವರ್ಷ ಮೊದಲೇ ಪಾಲಕರಿಗೆ ತಿಳಿಸಬೇಕು ಎಂಬುದು ಆ ನಿಯಮ. ಇದರ ಹಿಂದಿನ ಕಾರಣವನ್ನು ಅರಿಯುವುದು ಕಷ್ಟವಲ್ಲ. ಅಣ್ಣನಿಗೆ ಚಿಕ್ಕದಾದ ಅಂಗಿಯನ್ನು ತಮ್ಮ ತೊಡುತ್ತಾನೆ. ಅಕ್ಕನ ಲಂಗ ತಂಗಿಗೆ ಬರುತ್ತದೆ. ಪ್ರತಿ ವರ್ಷವೂ ಬಣ್ಣ ಬದಲಾಯಿಸಿದರೆ ಬಡ ಸಂಸಾರದ ಮೇಲೆ ಭಾರ ಬೀಳುತ್ತದೆ. ಒಳ್ಳೆಯ ನಿಯಮವು ಆಳುವವರನ್ನೂ ಪಾಲಿಸುವವರನ್ನೂ ಸಮನಾಗಿ ಬಂಧಿಸುತ್ತದೆ.

ಇನ್ನು ನಡತೆಯ ವಿಚಾರ. ಶಾಲೆಯು ವಿದ್ಯಾರ್ಥಿಯಿಂದ ನಿರೀಕ್ಷಿಸುವ ನಡತೆ ಬಹಳ ದೊಡ್ಡದೇನಲ್ಲ. ಹೊತ್ತಿಗೆ ಸರಿಯಾಗಿ ಬರಬೇಕು. ಪ್ರಾರ್ಥನೆಯಲ್ಲಿ ಸ್ಥಿರವಾಗಿ ನಿಲ್ಲಬೇಕು. ಗುರುಹಿರಿಯರೊಡನೆ ಗೌರವದಿಂದಲೂ ಜೊತೆಯವರೊಡನೆ ಸ್ನೇಹದಿಂದಲೂ ಮಾತನಾಡಬೇಕು. ಶಾಲೆಯ ಗೋಡೆ, ಬೆಂಚು, ಪುಸ್ತಕಗಳನ್ನು ತನ್ನವೆಂದು ಕಾಪಾಡಬೇಕು. ಮಾಡಿದ ತಪ್ಪನ್ನು ಒಪ್ಪಿಕೊಳ್ಳಬೇಕು. ಇವುಗಳಲ್ಲಿ ಯಾವುದಕ್ಕೂ ಹಣ ಬೇಕಾಗಿಲ್ಲ. ಆದುದರಿಂದಲೇ ಇವುಗಳಲ್ಲಿ ಬಡವ-ಬಲ್ಲಿದರೆಂಬ ಭೇದವಿಲ್ಲ. ಬಟ್ಟೆಯನ್ನು ಸರ್ಕಾರ ಕೊಡಬಹುದು. ನಡತೆಯನ್ನು ಪ್ರತಿಯೊಬ್ಬನೂ ತಾನೇ ನೇಯ್ದುಕೊಳ್ಳಬೇಕು.

ಮೇಲೆ ಹೇಳಿದ ವಿದ್ಯಾರ್ಥಿನಿಯು ಬೇರೆ ಲಂಗವನ್ನುಟ್ಟು ತರಗತಿಗೆ ಬಂದಳೆಂದು ಇಟ್ಟುಕೊಳ್ಳೋಣ. ಅವಳನ್ನು ಕಂಡು ಹಿಂದಿನ ಬೆಂಚಿನವರು ನಕ್ಕರೆ, ಆ ನಗುವೇ ಆ ದಿನ ಶಾಲೆಯಲ್ಲಿ ನಡೆದ ದೊಡ್ಡ ತಪ್ಪು. ನಕ್ಕವರು ಇಸ್ತ್ರಿ ಮಾಡಿದ ಸಮವಸ್ತ್ರವನ್ನೇ ತೊಟ್ಟಿರಬಹುದು. ಆದರೂ ಸಮವಸ್ತ್ರದ ಉದ್ದೇಶವನ್ನು ಮುರಿದವರು ಅವರೇ. ಅದಕ್ಕೆ ಬದಲಾಗಿ ಒಬ್ಬಳು ಸರಿದು ಕುಳಿತು ತನ್ನ ಪಕ್ಕದಲ್ಲಿ ಜಾಗ ಕೊಟ್ಟರೆ, ತಪ್ಪಿದ ಪಾಠವನ್ನು ಹೇಳಿಕೊಟ್ಟರೆ, ಬಟ್ಟೆಯ ಬಣ್ಣ ಬೇರೆಯಾದರೂ ಸಮಾನತೆ ಅಲ್ಲಿ ನೆಲೆಸಿತೆಂದು ತಿಳಿಯಬೇಕು.

ಶಿಸ್ತನ್ನು ಕಲಿಸುವವರ ನಡತೆಗೂ ಮಿತಿಯುಂಟು. ಒಂದು ಕಾಲದಲ್ಲಿ ಬೆತ್ತವೇ ಶಿಸ್ತಿನ ಸಾಧನವೆಂದು ತಿಳಿಯಲಾಗಿತ್ತು. 2009ರ ಕಾಯ್ದೆಯ 17ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತದ ಭಯದಿಂದ ಬಂದ ಶಿಸ್ತು ಬೆತ್ತ ಮರೆಯಾದೊಡನೆ ತಾನೂ ಮರೆಯಾಗುತ್ತದೆ. ಕಾರಣವನ್ನು ತಿಳಿದು ಒಪ್ಪಿಕೊಂಡ ಶಿಸ್ತು ಬಸ್ಸಿನ ನೂಕುನುಗ್ಗಲಿನಲ್ಲಿಯೂ ಸಂತೆಯ ಗದ್ದಲದಲ್ಲಿಯೂ ಜೊತೆಗಿರುತ್ತದೆ. ಬಸ್ಸಿನಲ್ಲಿ ವೃದ್ಧರಿಗೆ ಆಸನ ಬಿಟ್ಟುಕೊಟ್ಟ ಬಾಲಕನ ಹೆಸರು ಯಾರಿಗೂ ತಿಳಿಯದು. ಆದರೆ ಅವನ ಅಂಗಿಯನ್ನು ಕಂಡವರು ಅವನ ಶಾಲೆಯನ್ನು ಮೆಚ್ಚುತ್ತಾರೆ. ಅದೇ ಅಂಗಿ ತೊಟ್ಟವನು ಒರಟಾಗಿ ನಡೆದುಕೊಂಡರೆ ಆ ಅಪಕೀರ್ತಿಯೂ ಶಾಲೆಗೇ ಸಲ್ಲುತ್ತದೆ.

ಎಲ್ಲರೂ ಒಂದೇ ಬಗೆಯಾಗಿ ತೋರಬೇಕೆಂಬ ನಿಯಮಕ್ಕೂ, ಒಬ್ಬೊಬ್ಬರ ನಂಬಿಕೆಗೂ ತಿಕ್ಕಾಟವುಂಟಾಗುವುದೂ ಇದೆ. ಕೇರಳದ ಒಂದು ಶಾಲೆಯಲ್ಲಿ 1985ರಲ್ಲಿ ಮೂವರು ಒಡಹುಟ್ಟಿದವರು ರಾಷ್ಟ್ರಗೀತೆಯ ಸಮಯದಲ್ಲಿ ಎದ್ದು ಗೌರವದಿಂದ ನಿಲ್ಲುತ್ತಿದ್ದರು; ಆದರೆ ತಮ್ಮ ಧರ್ಮದ ನಂಬಿಕೆಯ ಕಾರಣದಿಂದ ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಗೌರವದಿಂದ ನಿಂತವರು ಅಗೌರವ ತೋರಿಸಿದಂತಾಗುವುದಿಲ್ಲವೆಂದೂ, ಅವರನ್ನು ಮತ್ತೆ ಸೇರಿಸಿಕೊಳ್ಳಬೇಕೆಂದೂ ತೀರ್ಪಿತ್ತಿತು.

ಕರ್ನಾಟಕದಲ್ಲಿಯೂ ಇಂತಹ ಪ್ರಶ್ನೆಯೊಂದು ಎದ್ದಿತು. ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಕೆಲವು ವಿದ್ಯಾರ್ಥಿನಿಯರು ಸಮವಸ್ತ್ರದೊಡನೆ ಹಿಜಾಬನ್ನೂ ಧರಿಸಿ ತರಗತಿಯಲ್ಲಿ ಕುಳಿತುಕೊಳ್ಳಲು ಅನುಮತಿ ಕೇಳಿದರು. ಅದು ದೊರೆಯಲಿಲ್ಲ. ವಿವಾದವು ಬೇರೆ ಊರುಗಳಿಗೂ ಹರಡಿತು. ಗೊತ್ತುಪಡಿಸಿದ ಸಮವಸ್ತ್ರವನ್ನೇ ಧರಿಸಬೇಕೆಂದು 2022ರ ಫೆಬ್ರವರಿ 5ರಂದು ಸರ್ಕಾರವು ಆದೇಶ ಹೊರಡಿಸಿತು. ಮಾರ್ಚ್ 15ರಂದು ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು ಆ ಆದೇಶವನ್ನು ಎತ್ತಿಹಿಡಿಯಿತು. ಮೇಲ್ಮನವಿಯನ್ನು ಕೇಳಿದ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಅಕ್ಟೋಬರ್ 13ರಂದು ಅಭಿಪ್ರಾಯಭೇದ ಉಂಟಾಯಿತು. ನ್ಯಾಯಮೂರ್ತಿ ಹೇಮಂತ ಗುಪ್ತ ಅವರು ಮೇಲ್ಮನವಿಗಳನ್ನು ತಳ್ಳಿಹಾಕಿ, ಎಲ್ಲರಿಗೂ ಒಂದೇ ಉಡುಪೆಂಬ ನಿಯಮಕ್ಕೆ ಬೆಲೆಯಿತ್ತರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಅದನ್ನು ಆಯ್ಕೆಯ ವಿಷಯವೆಂದು ಭಾವಿಸಿ, ಹೆಣ್ಣುಮಗುವಿನ ಶಿಕ್ಷಣವೇ ಎಲ್ಲಕ್ಕಿಂತ ಮಿಗಿಲೆಂದು ಕಂಡರು. ವಿಷಯವನ್ನು ಸೂಕ್ತ ಪೀಠದ ರಚನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಸೂಚಿಸಲಾಯಿತು.

ನಾಡಿನ ಹಿರಿಯ ನ್ಯಾಯಮೂರ್ತಿಗಳೇ ಒಂದು ವಿಷಯದಲ್ಲಿ ಭಿನ್ನವಾಗಿ ಯೋಚಿಸಿರುವಾಗ, ವಿದ್ಯಾರ್ಥಿಗಳಲ್ಲಿ ಭಿನ್ನಾಭಿಪ್ರಾಯ ಇರುವುದು ಸಹಜ. ಆದರೆ ಆ ಇಬ್ಬರು ನ್ಯಾಯಮೂರ್ತಿಗಳು ಒಂದೇ ಆವರಣದಲ್ಲಿ ಪಕ್ಕಪಕ್ಕದಲ್ಲಿ ಕುಳಿತು, ಒಬ್ಬರ ಮಾತನ್ನು ಒಬ್ಬರು ಅರಿತು, ತಮ್ಮ ತಮ್ಮ ಕಾರಣಗಳನ್ನು ಬರೆದು ಮುಂದಿಟ್ಟರು ಎಂಬುದನ್ನು ಮರೆಯಬಾರದು. ನಿಯಮವು ಸರಿಯಲ್ಲವೆಂದು ತೋರಿದವರು ಮುಖ್ಯೋಪಾಧ್ಯಾಯರಿಗೆ ವಿನಯದಿಂದ ಬರೆದುಕೊಳ್ಳಬಹುದು. ಪಾಲಕರ ಮೂಲಕ ಕೇಳಿಸಬಹುದು. ಕಾನೂನಿನ ನೆರವನ್ನು ಪಡೆಯಬಹುದು. ಕೊಪ್ಪಳದ ಬಾಲಕನ ಪರವಾಗಿ ಹಿರಿಯರು ಹಿಡಿದುದು ಇದೇ ಮಾರ್ಗ. ಭಿನ್ನಾಭಿಪ್ರಾಯವು ಅಪರಾಧವಲ್ಲ; ಸಹಪಾಠಿಯನ್ನು ಕೂಗಿ ಹೀಯಾಳಿಸುವುದು, ದಾರಿಗಟ್ಟುವುದು ಅಪರಾಧ. ಯಾವ ಬಣ್ಣದ ಬಟ್ಟೆಯೂ ಅಂತಹ ನಡತೆಯನ್ನು ಮುಚ್ಚಲಾರದು.

ಬಾಗಲಕೋಟೆಯ ನೆಲದಲ್ಲಿ ಈ ವಿಚಾರಕ್ಕೆ ಹಳೆಯ ಬೇರುಗಳಿವೆ. ಕೃಷ್ಣಾ-ಮಲಪ್ರಭೆಗಳು ಕೂಡುವ ಕೂಡಲಸಂಗಮವು ಇದೇ ಜಿಲ್ಲೆಯಲ್ಲಿದೆ. ಬಸವಣ್ಣನವರು ಬೆಳೆದು ಬಲಿತ ತಾಣವದು. ಹನ್ನೆರಡನೆಯ ಶತಮಾನದ ಶರಣರು ವೇಷಕ್ಕಿಂತ ಆಚಾರಕ್ಕೆ ಹೆಚ್ಚಿನ ಬೆಲೆಯಿತ್ತರು. ಹೊರಗಿನ ಗುರುತಿಗೆ ಒಳಗಿನ ನಡೆ ಸಾಕ್ಷಿಯಾಗದಿದ್ದರೆ ಆ ಗುರುತು ಬರಿದೆಂಬುದು ಅವರ ನಿಲುವಾಗಿತ್ತು.

ಇದೇ ಜಿಲ್ಲೆಯ ಇಳಕಲ್ಲಿನ ಸೀರೆಯನ್ನು ಅರಿಯದ ಕನ್ನಡಿಗರಿಲ್ಲ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಒಡಲಿನ ಎಳೆಯನ್ನೂ ಸೆರಗಿನ ಎಳೆಯನ್ನೂ ಕುಣಿಕೆಯಂತೆ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಸಾವಿರಾರು ಎಳೆಗಳನ್ನು ಹೀಗೆ ತಾಳ್ಮೆಯಿಂದ ಜೋಡಿಸಿದ ಮೇಲೆಯೇ ಕೆಂಪು ಸೆರಗು ಒಡಲಿಗೆ ಕೂಡಿಕೊಳ್ಳುತ್ತದೆ. ಎರಡರ ಬಣ್ಣವೂ ಒಂದೇ ಆಗಬೇಕಾಗಿಲ್ಲ; ಕೊಂಡಿ ಬಿಗಿಯಾಗಿದ್ದರೆ ಸಾಕು, ಸೀರೆ ಒಂದಾಗಿಯೇ ನಿಲ್ಲುತ್ತದೆ. ಶಾಲೆಯೂ ಹಾಗೆಯೇ. ಬೇರೆ ಬೇರೆ ಊರು, ಮನೆ, ನಂಬಿಕೆಗಳಿಂದ ಬಂದ ಮಕ್ಕಳು ಅಲ್ಲಿ ಕೂಡುತ್ತಾರೆ. ಸಮವಸ್ತ್ರವು ಅವರನ್ನು ಒಂದು ಸಾಲಿನಲ್ಲಿ ನಿಲ್ಲಿಸುತ್ತದೆ. ಅವರನ್ನು ಒಬ್ಬರಿಗೊಬ್ಬರು ಕೂಡಿಸುವ ಕೊಂಡಿ ಮಾತ್ರ ಸದ್ವರ್ತನೆಯೇ.

ಹತ್ತನೆಯ ತರಗತಿ ಮುಗಿದ ಮೇಲೆ ವಿದ್ಯಾರ್ಥಿಯು ಶಾಲೆಯ ಅಂಗಿಯನ್ನು ಕಳಚಿಡುತ್ತಾನೆ. ಅದು ತಮ್ಮನಿಗೋ ನೆರೆಮನೆಯ ಹುಡುಗನಿಗೋ ಹೋಗಬಹುದು. ಆದರೆ ಆ ಅಂಗಿಯಲ್ಲಿ ಕಲಿತ ನಡತೆ ಅವನೊಡನೆ ಉಳಿಯುತ್ತದೆ. ಅದನ್ನು ಮಳೆ ನೆನೆಸದು, ಬಿಸಿಲು ಮಾಸಿಸದು. ಬಾಳಿನುದ್ದಕ್ಕೂ ತೊಡಬಹುದಾದ ಸಮವಸ್ತ್ರ ಅದೊಂದೇ.

ಶಬ್ದಾರ್ಥ

ಅಪಕೀರ್ತಿ – ಕೆಟ್ಟ ಹೆಸರು
ಒಡಲು – ಮೈ. ಸೀರೆಯ ಮುಖ್ಯ ಭಾಗ
ಕೊಂಡಿ – ಎರಡನ್ನು ಸೇರಿಸುವ ಕುಣಿಕೆ
ಬಲ್ಲಿದ – ಸಿರಿವಂತ, ಶಕ್ತ
ಲಾಳಿ – ಹೊಕ್ಕಿನ ನೂಲನ್ನು ಅತ್ತಿಂದಿತ್ತ ಒಯ್ಯುವ ಮಗ್ಗದ ಸಾಧನ
ಹಾಸು – ಮಗ್ಗದಲ್ಲಿ ಉದ್ದಕ್ಕೆ ಹಾಯಿಸಿದ ನೂಲು

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ನವನಗರವು ಏಕೆ ನಿರ್ಮಾಣವಾಯಿತು?
2. ಸಮವಸ್ತ್ರವನ್ನು ಎಷ್ಟು ವರ್ಷಗಳ ಒಳಗಾಗಿ ಬದಲಿಸಕೂಡದೆಂದು ನಿಯಮವಿದೆ?
3. 2009ರ ಕಾಯ್ದೆಯ 17ನೆಯ ಪ್ರಕರಣವು ಏನನ್ನು ನಿಷೇಧಿಸಿದೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಒಂದೇ ಬಗೆಯ ಉಡುಪು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಅರ್ಥವನ್ನು ಪಡೆದುದು ಹೇಗೆ?
2. ಒಂದೇ ಜೊತೆ ಸಮವಸ್ತ್ರವಿರುವ ವಿದ್ಯಾರ್ಥಿನಿಯ ಕಷ್ಟಗಳಾವುವು?
3. ಕೇರಳದ ಮೂವರು ಮಕ್ಕಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಏನೆಂದು ತೀರ್ಪಿತ್ತಿತು?

ಇ. ವಿವರಿಸಿರಿ.
1. “ಬಟ್ಟೆಯನ್ನು ಸರ್ಕಾರ ಕೊಡಬಹುದು; ನಡತೆಯನ್ನು ಪ್ರತಿಯೊಬ್ಬನೂ ತಾನೇ ನೇಯ್ದುಕೊಳ್ಳಬೇಕು.”
2. ಇಳಕಲ್ ಸೀರೆಯ ಕೊಂಡಿಗೂ ಸದ್ವರ್ತನೆಗೂ ಇರುವ ಹೋಲಿಕೆ.

ಈ. ಚಟುವಟಿಕೆ: ನಿಮ್ಮ ಶಾಲೆಯ ನಿಯಮಗಳಲ್ಲಿ ಒಂದನ್ನು ಆರಿಸಿಕೊಂಡು, ಅದರ ಕಾರಣವನ್ನು ಶಿಕ್ಷಕರಿಂದ ಕೇಳಿ ತಿಳಿಯಿರಿ. ಆ ನಿಯಮದಲ್ಲಿ ಬದಲಾವಣೆ ಬೇಕೆಂದು ನಿಮಗೆ ತೋರಿದರೆ, ಮುಖ್ಯೋಪಾಧ್ಯಾಯರಿಗೆ ಒಂದು ವಿನಂತಿ ಪತ್ರವನ್ನು ಬರೆಯಿರಿ.